ಹಲ್ಲಿನ ಖರ್ಚಿಗೆ ವಿಮೆಯೋ, ರಿಯಾಯಿತಿ ಕಾರ್ಡೋ?

ಮಹಿಳಾ ಹಾಲು ಉತ್ಪಾದಕರ ಸಂಘಗಳ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ



ಕೊಟ್ಟಿಗೆಯಲ್ಲಿ ಹಸು ಒಂದು ಹೊತ್ತು ಮೇವು ಬಿಟ್ಟರೆ ನಾವೇನು ಮಾಡುತ್ತೇವೆ? ಕಿವಿ ಮುಟ್ಟಿ ನೋಡುತ್ತೇವೆ, ಮೂತಿ ಒಣಗಿದೆಯೇ ನೋಡುತ್ತೇವೆ, ಅರ್ಧ ಗಂಟೆಯೊಳಗೆ ಸಂಘಕ್ಕೆ ಫೋನ್ ಮಾಡುತ್ತೇವೆ. ಸಂಜೆಯೊಳಗೆ ಡಾಕ್ಟರು ಬರಲೇಬೇಕು. ಅದೇ ನಮ್ಮ ದವಡೆ ಹಲ್ಲು ನೋಯತೊಡಗಿದರೆ? ಲವಂಗ ಇಟ್ಟುಕೊಳ್ಳುತ್ತೇವೆ. ಅಂಗಡಿಯಿಂದ ನೋವಿನ ಮಾತ್ರೆ ತರಿಸುತ್ತೇವೆ. ಇನ್ನೊಂದು ಪಕ್ಕದಲ್ಲಿ ಅಗಿಯುವುದನ್ನು ರೂಢಿ ಮಾಡಿಕೊಳ್ಳುತ್ತೇವೆ. ಹೀಗೆ ವರ್ಷ ಕಳೆಯುತ್ತದೆ.

ತರಬೇತಿಗೆ ಬಂದಿದ್ದ ಒಬ್ಬ ಸದಸ್ಯೆ ಹೇಳಿದ ಮಾತಿನಿಂದ ಈ ಪಾಠ ಹುಟ್ಟಿತು. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಅವರ ಊರಿನ ಡೇರಿಗೆ ಇಬ್ಬರು ಬಂದು, 1,200 ರೂಪಾಯಿಗೆ ಇಡೀ ಮನೆಯವರಿಗೆ 'ಹಲ್ಲಿನ ವಿಮೆ' ಎಂದು ಕಾರ್ಡು ಮಾರಿದರು. ಆಕೆ ಬಟವಾಡೆಯ ಹಣದಲ್ಲಿ ಒಂದು ಕಾರ್ಡು ಕೊಂಡರು. ಕೆಲವು ತಿಂಗಳ ನಂತರ ಹಲ್ಲುನೋವು ತಡೆಯಲಾಗದೆ ಎರಡು ಬಸ್ ಬದಲಿಸಿ ಕಾರ್ಡಿನಲ್ಲಿದ್ದ ಆಸ್ಪತ್ರೆಗೆ ಹೋದರು. ಚಿಕಿತ್ಸೆ ಉಚಿತವೆಂದುಕೊಂಡಿದ್ದರು. ಅಲ್ಲಿ, 'ಬಿಲ್ಲಿನಲ್ಲಿ ನೂರಕ್ಕೆ ಇಪ್ಪತ್ತು ಕಡಿಮೆ ಮಾಡುತ್ತೇವೆ, ಉಳಿದದ್ದು ನೀವೇ ಕಟ್ಟಬೇಕು' ಎಂದರು. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಹಿಂದಿರುಗಿದರು. ಹಣ ಹೊಂದಿಸುವ ಹೊತ್ತಿಗೆ ಹಲ್ಲು ಉಳಿಸುವ ಸ್ಥಿತಿಯಲ್ಲಿರಲಿಲ್ಲ, ಕೀಳಿಸಬೇಕಾಯಿತು. ತರಬೇತಿಯಲ್ಲಿ ಆ ಕಾರ್ಡನ್ನು ತೆಗೆದು ಎಲ್ಲರೂ ಓದಿ ನೋಡಿದೆವು. ಅದರ ಮೇಲೆ ಎಲ್ಲಿಯೂ 'ವಿಮೆ' ಎಂಬ ಪದವೇ ಇರಲಿಲ್ಲ. ಅದು ಮಾರಲು ಬಂದವರ ಬಾಯಲ್ಲಿ ಮಾತ್ರ ಇತ್ತು.

ಈ ಪಾಠ ಓದಿದ ಮೇಲೆ ನಮ್ಮ ಸದಸ್ಯೆಯರು ಮೂರು ಕೆಲಸ ಮಾಡಲು ಬರಬೇಕು: ವಿಮೆ ಯಾವುದು, ರಿಯಾಯಿತಿ ಯಾವುದು ಎಂದು ಗುರುತಿಸುವುದು, ಕಾರ್ಡು ಕೊಂಡರೆ ಲಾಭವೋ ನಷ್ಟವೋ ಎಂದು ತಾವೇ ಲೆಕ್ಕ ಹಾಕುವುದು, ಹಲ್ಲಿನ ಖರ್ಚಿಗೆ ಮನೆಯಲ್ಲೇ ದಾರಿ ಮಾಡಿಕೊಳ್ಳುವುದು.

ಎರಡಕ್ಕೂ ಇರುವ ವ್ಯತ್ಯಾಸ

ವಿಮೆ ಎಂದರೆ ನಷ್ಟದ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು. ನಾವು ಕಂತು ಕಟ್ಟುತ್ತೇವೆ. ಪಾಲಿಸಿಯಲ್ಲಿ ಬರೆದ ಸಂದರ್ಭ ಬಂದರೆ, ಬರೆದಷ್ಟು ಮಿತಿಯವರೆಗೆ ಕಂಪನಿ ಹಣ ಕೊಡಬೇಕು.

ರಿಯಾಯಿತಿ ಕಾರ್ಡಿನಲ್ಲಿ ಹೊರೆ ನಮ್ಮ ಹೆಗಲ ಮೇಲೇ ಇರುತ್ತದೆ. ಕಾರ್ಡು ಮಾರಿದವರು ಒಂದು ರೂಪಾಯಿಯನ್ನೂ ಆಸ್ಪತ್ರೆಗೆ ಕೊಡುವುದಿಲ್ಲ. 'ನಮ್ಮ ಕಾರ್ಡು ತಂದವರಿಗೆ ಇಷ್ಟು ಕಡಿಮೆ ಮಾಡಿ' ಎಂದು ಕೆಲವು ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ, ಅಷ್ಟೇ.

ನಮ್ಮ ಕೊಟ್ಟಿಗೆಯ ಮಾತಿನಲ್ಲಿ ಹೇಳುವುದಾದರೆ, ಹಸು ಸತ್ತಾಗ ಹಣ ಬರುವುದು ರಾಸು ವಿಮೆ. ಹಿಂಡಿ ಮೂಟೆಯ ಮೇಲೆ 50 ರೂಪಾಯಿ ಕಡಿಮೆಯಾಗುವುದು ರಿಯಾಯಿತಿ. ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ಹಿಂಡಿಯ ಚೀಟಿ ಹಿಡಿದು ಸತ್ತ ಹಸುವಿಗೆ ಪರಿಹಾರ ಕೇಳಲಾಗದು.

ಗುರುತಿಸುವುದು ಹೇಗೆ? ವಿಮೆಯನ್ನು ಮಾರುವ ಕಂಪನಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಐಆರ್‌ಡಿಎಐನಲ್ಲಿ ನೋಂದಣಿಯಾಗಿರಬೇಕು. ಪಾಲಿಸಿ ಪತ್ರದ ಮೇಲೆ ಕಂಪನಿಯ ನೋಂದಣಿ ಸಂಖ್ಯೆ, ಆ ಪಾಲಿಸಿಗೆ ಪ್ರಾಧಿಕಾರದ ವ್ಯವಸ್ಥೆಯಲ್ಲಿ ಸಿಕ್ಕ ಯುಐಎನ್ ಸಂಖ್ಯೆ, ವಿಮಾ ಮೊತ್ತ, ಪಾಲಿಸಿಯ ಅವಧಿ ಎಲ್ಲವೂ ಇರುತ್ತವೆ. ರಾಸು ವಿಮೆಗೆ ಕಿವಿಯ ಓಲೆ ಹೇಗೋ ಆರೋಗ್ಯ ವಿಮೆಗೆ ಈ ಸಂಖ್ಯೆಗಳು ಹಾಗೆ. ಓಲೆ ಇಲ್ಲದ ಹಸುವಿಗೆ ಪರಿಹಾರ ಸಿಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಯುಐಎನ್ ಇಲ್ಲದ ಕಾಗದವನ್ನೂ ವಿಮೆ ಎಂದು ನಂಬಬಾರದು.

ನಮ್ಮ ಬಳಿ ಇರುವ ಯೋಜನೆಗಳಲ್ಲಿ ಹಲ್ಲು ಎಲ್ಲಿದೆ?

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿ ಈಗಾಗಲೇ ಏನಿದೆ ಎಂದು ನೋಡೋಣ.

ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯೋಜನೆ ಇದು. 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ವಿಲೀನವಾಗಿ, 2022-23ರಲ್ಲಿ ಮತ್ತೆ ಆರಂಭವಾಯಿತು. ಮರು ಆರಂಭದಲ್ಲಿ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ವರ್ಷದ ಚಿಕಿತ್ಸಾ ಮಿತಿ 5 ಲಕ್ಷ ರೂಪಾಯಿ ಎಂದು ನಿಗದಿಯಾಗಿತ್ತು. ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗಳಂಥ ದೊಡ್ಡ ಖರ್ಚಿಗಾಗಿ ಇರುವ ಯೋಜನೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವಿದೆ. ಬಾಯಿಯ ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆ ಬಂದಾಗ ಕೈ ಹಿಡಿಯುವುದು ಇದೇ.

ಖಾಸಗಿ ಆರೋಗ್ಯ ವಿಮೆ: ಸಾಮಾನ್ಯವಾಗಿ 24 ಗಂಟೆ ಆಸ್ಪತ್ರೆಯಲ್ಲಿದ್ದು ಪಡೆಯುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಒಂದು ದಿನದ ಚಿಕಿತ್ಸೆಗಳಿಗೆ ಹಣ ಕೊಡುತ್ತದೆ. ಬಹುತೇಕ ಪಾಲಿಸಿಗಳು ಅಪಘಾತದಲ್ಲಿ ಪೆಟ್ಟಾದದ್ದನ್ನು ಬಿಟ್ಟು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. 2020ರಲ್ಲಿ ಬಂದ 'ಆರೋಗ್ಯ ಸಂಜೀವಿನಿ' ಎಂಬ ಏಕರೂಪ ಪಾಲಿಸಿಯಲ್ಲಿ ಕಾಯಿಲೆ ಅಥವಾ ಪೆಟ್ಟಿನಿಂದ ಅಗತ್ಯವಾದ ಹಲ್ಲಿನ ಚಿಕಿತ್ಸೆಗೆ ಜಾಗವಿದೆ. ಆದರೆ ಅದೂ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿನ ಭಾಗವಾಗಿ.

ಕುರ್ಚಿಯಲ್ಲಿ ಕುಳಿತು ಹಲ್ಲು ತುಂಬಿಸಿಕೊಳ್ಳುವುದು, ರೂಟ್ ಕೆನಾಲ್, ಕ್ಯಾಪ್, ಹಲ್ಲು ಶುಚಿ ಮಾಡಿಸುವುದು ಹೊರರೋಗಿ ಚಿಕಿತ್ಸೆಗಳು. ಇವುಗಳಿಗೂ ಹಣ ಬೇಕೆಂದರೆ ಹೊರರೋಗಿ ಸೌಲಭ್ಯವಿರುವ ಪಾಲಿಸಿ ಬೇಕು. ಅದಕ್ಕೆ ಕಂತು ಹೆಚ್ಚು, ವರ್ಷದ ಮಿತಿ ಕಡಿಮೆ.

ಒಂದು ಮಾತು ಮರೆಯಬೇಡಿ. ಮಗಳೋ ಸೊಸೆಯೋ ಗಾರ್ಮೆಂಟ್ಸ್ ಅಥವಾ ಬೇರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ, ಇಎಸ್‌ಐ ಆಸ್ಪತ್ರೆಯ ದಂತ ವಿಭಾಗದ ಬಗ್ಗೆ ವಿಚಾರಿಸಿ. ಆಕೆಯ ಮೇಲೆ ಅವಲಂಬಿತರಾದ ಕುಟುಂಬದವರಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯವಿದೆ.

ಹಲ್ಲಿಗೆ ವಿಮೆ ಯಾಕೆ ಸರಿಹೊಂದುವುದಿಲ್ಲ?

ಅಪರೂಪಕ್ಕೆ ಬರುವ, ಬಂದರೆ ಮನೆಯನ್ನೇ ಅಲುಗಾಡಿಸುವ ಖರ್ಚಿಗೆ ವಿಮೆ ಸರಿ. ಹತ್ತಾರು ಸಾವಿರ ಬೆಲೆಯ ಹಸು ಸಾಯುವುದು ಅಂಥದ್ದು. ಆದರೆ ಜಂತುಹುಳುವಿನ ಔಷಧಿಗೆ, ಖನಿಜ ಮಿಶ್ರಣಕ್ಕೆ ಯಾರಾದರೂ ವಿಮೆ ಮಾಡಿಸುತ್ತೇವೆಯೇ? ಅದು ಆಗಾಗ ಬರುವ, ಮೊದಲೇ ಗೊತ್ತಿರುವ, ಕೈಯಿಂದ ಕಟ್ಟಬಹುದಾದ ಖರ್ಚು. ಅದಕ್ಕೂ ವಿಮೆ ಮಾರಿದರೆ, ಎಲ್ಲರೂ ಪ್ರತಿ ವರ್ಷ ಹಣ ಕೇಳುತ್ತಾರೆಂದು ಕಂಪನಿಗೂ ಗೊತ್ತಿರುತ್ತದೆ. ಹಾಗಾಗಿ ಔಷಧಿಯ ಬೆಲೆ, ಅದರ ಮೇಲೆ ಕಚೇರಿಯ ಖರ್ಚು, ಅದರ ಮೇಲೆ ಲಾಭ, ಎಲ್ಲವನ್ನೂ ಕಂತಿನಲ್ಲೇ ಸೇರಿಸುತ್ತದೆ.

ಹಲ್ಲಿನ ಖರ್ಚು ಬಹುಮಟ್ಟಿಗೆ ಎರಡನೆಯ ಜಾತಿಯದು. ಹೆಚ್ಚು ಕಡಿಮೆ ಎಲ್ಲರಿಗೂ ಬರುತ್ತದೆ, ನಿಧಾನವಾಗಿ ಬರುತ್ತದೆ, ಮುನ್ಸೂಚನೆ ಕೊಟ್ಟು ಬರುತ್ತದೆ.

ಹಲ್ಲಿಗೆಂದೇ ಬೇರೆ ವಿಮೆ ಬಹಳ ಬಳಕೆಯಲ್ಲಿರುವ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ರೂಢಿಯ ಪಾಲಿಸಿಯಲ್ಲಿ ತಪಾಸಣೆ ಮತ್ತು ಶುಚಿ ಮಾಡಿಸುವುದಕ್ಕೆ ಪೂರ್ತಿ, ಹಲ್ಲು ತುಂಬಿಸುವುದಕ್ಕೆ ಶೇ. 80ರಷ್ಟು, ಕ್ಯಾಪ್‌ನಂಥ ದೊಡ್ಡ ಕೆಲಸಕ್ಕೆ ಶೇ. 50ರಷ್ಟು ಹಣ ಸಿಗುತ್ತದೆ. ಅದೂ ವರ್ಷಕ್ಕೆ ಸುಮಾರು 1,000ದಿಂದ 2,000 ಡಾಲರ್ ಮಿತಿಯೊಳಗೆ. ಅಂದರೆ ಖರ್ಚು ದೊಡ್ಡದಾಗುತ್ತಿದ್ದಂತೆ ವಿಮೆ ಹಿಂದೆ ಸರಿಯುತ್ತದೆ. ಆದ್ದರಿಂದಲೇ ಅಲ್ಲಿ ರಿಯಾಯಿತಿ ಕಾರ್ಡುಗಳೂ ಅದರ ಪಕ್ಕದಲ್ಲೇ ಮಾರಾಟವಾಗುತ್ತವೆ. ಅಲ್ಲಿನ ಜನರೂ ಕೊಳ್ಳುವ ಮೊದಲು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬೇಕಾಗುತ್ತದೆ. ನಾವೂ ಹಾಕೋಣ.

ಲೆಕ್ಕ ಹಾಕುವ ಕ್ರಮ

ಈ ಕೆಳಗಿನ ಮೊತ್ತಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮ ಊರಿನ ದರ ಕೇಳಿ ಆ ಜಾಗದಲ್ಲಿ ಬರೆದುಕೊಳ್ಳಿ.

ಕಾರ್ಡಿನ ಬೆಲೆ 1,200 ರೂಪಾಯಿ, ರಿಯಾಯಿತಿ ಶೇ. 20 ಎಂದಿರಲಿ. ಕಾರ್ಡಿನ ಬೆಲೆಯನ್ನು ರಿಯಾಯಿತಿಯ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿ: 1,200 ÷ 20 × 100 = 6,000. ಇದರ ಅರ್ಥ, ನಿಮ್ಮ ಮನೆಯ ಹಲ್ಲಿನ ಬಿಲ್ಲು ವರ್ಷಕ್ಕೆ 6,000 ರೂಪಾಯಿ ದಾಟಿದರೆ ಮಾತ್ರ ಕಾರ್ಡಿನಿಂದ ಲಾಭ. ಅದಕ್ಕಿಂತ ಕಡಿಮೆಯಾದರೆ ನಷ್ಟ.

ಮೊದಲ ಮನೆ: ವರ್ಷದಲ್ಲಿ ಒಂದು ಹಲ್ಲು ತುಂಬಿಸಿದ್ದು 800, ಒಬ್ಬರಿಗೆ ಹಲ್ಲು ಶುಚಿ ಮಾಡಿಸಿದ್ದು 700. ಒಟ್ಟು 1,500. ಸಿಕ್ಕ ರಿಯಾಯಿತಿ 300. ಕಾರ್ಡಿಗೆ ಕೊಟ್ಟದ್ದು 1,200. ನಷ್ಟ 900 ರೂಪಾಯಿ.

ಎರಡನೆಯ ಮನೆ: ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ 8,000, ಇನ್ನೊಂದು ಹಲ್ಲು ತುಂಬಿಸಿದ್ದು 1,000. ಒಟ್ಟು 9,000. ರಿಯಾಯಿತಿ 1,800. ಕಾರ್ಡಿನ 1,200 ಕಳೆದರೆ ಲಾಭ 600. ಇಲ್ಲಿಗೆ ನಿಲ್ಲಿಸಬೇಡಿ. ಇಂಥ ಚಿಕಿತ್ಸೆಗೆ ಹಲವು ಬಾರಿ ಹೋಗಿ ಬರಬೇಕು. ಕಾರ್ಡಿನ ಆಸ್ಪತ್ರೆ ದೂರವಿದ್ದು, ನಾಲ್ಕು ಬಾರಿಗೆ ತಲಾ 150 ರೂಪಾಯಿ ಓಡಾಟಕ್ಕೆ ಖರ್ಚಾದರೆ 600 ರೂಪಾಯಿ ಅಲ್ಲಿಗೇ ಹೋಯಿತು. ಬಸ್ಸು ನಮಗೆ ಉಚಿತವಿರಬಹುದು, ಆದರೆ ಜೊತೆಗೆ ಬರುವ ಗಂಡಸರಿಗೆ ಟಿಕೆಟ್ ಇದೆ, ಆಟೋ ಇದೆ, ಆ ದಿನ ಹಾಲು ಕರೆಯಲು ಬೇರೆಯವರನ್ನು ಒಪ್ಪಿಸಬೇಕು.

ಮೂರನೆಯ ಮನೆ: ಇವರು ಮೊದಲೇ ಎರಡು ಕಡೆ ದರ ಕೇಳಿದರು. ಹತ್ತಿರದ ಪಟ್ಟಣದ ದಂತವೈದ್ಯರು ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ 6,500 ಎಂದರು, ಕಾರ್ಡು ಬೇಕಿಲ್ಲ. ಕಾರ್ಡಿನ ಆಸ್ಪತ್ರೆಯಲ್ಲಿ 8,000ಕ್ಕೆ ಶೇ. 20 ಕಳೆದು 6,400. ಅಂದರೆ ನಿಜವಾಗಿ ಉಳಿಯುವುದು 1,600 ಅಲ್ಲ, 100 ರೂಪಾಯಿ. ಅದಕ್ಕಾಗಿ 1,200 ಕೊಟ್ಟು ಕಾರ್ಡು ಕೊಳ್ಳಬೇಕು! ರಿಯಾಯಿತಿ ಎಷ್ಟು ಎಂದು ಕೇಳಿದರೆ ಸಾಲದು, ಯಾವ ಬೆಲೆಯ ಮೇಲೆ ಎಂದು ಕೇಳಬೇಕು.

ಈಗ ವಿಮೆಯ ಲೆಕ್ಕ: ಹೊರರೋಗಿ ಹಲ್ಲಿನ ಚಿಕಿತ್ಸೆಗೆಂದು ಹೆಚ್ಚುವರಿ ಕಂತು ವರ್ಷಕ್ಕೆ 3,000, ವರ್ಷದ ಮಿತಿ 5,000, ಕಾಯುವ ಅವಧಿ ಒಂದು ವರ್ಷ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಏನೂ ಸಿಗುವುದಿಲ್ಲ. ಎರಡು ವರ್ಷದಲ್ಲಿ ಕಟ್ಟಿದ್ದು 6,000, ಸಿಗಬಹುದಾದ ಗರಿಷ್ಠ ಮೊತ್ತ 5,000. ಎಷ್ಟೇ ಹಲ್ಲು ಕೆಟ್ಟರೂ ಎರಡು ವರ್ಷದ ಮಟ್ಟಿಗೆ ನಷ್ಟವೇ. ಮೂರನೆಯ ವರ್ಷವೂ ಮಿತಿ ಮುಟ್ಟುವಷ್ಟು ಖರ್ಚು ಬಂದರೆ ಮಾತ್ರ ಕೈಗೆ 1,000 ರೂಪಾಯಿ ಉಳಿಯುತ್ತದೆ.

ಹಾಗಾದರೆ ಯಾವಾಗ ಕೊಳ್ಳಬಹುದು?

ರಿಯಾಯಿತಿ ಕಾರ್ಡುಗಳೆಲ್ಲ ಮೋಸವೆಂದು ಹೇಳುತ್ತಿಲ್ಲ. ಮನೆಯಲ್ಲಿ ಇಬ್ಬರಿಗೆ ದೊಡ್ಡ ಚಿಕಿತ್ಸೆ ಬೇಕೆಂದು ವೈದ್ಯರು ಈಗಾಗಲೇ ಹೇಳಿದ್ದು, ಕಾರ್ಡಿನ ಆಸ್ಪತ್ರೆ ನಿಮ್ಮ ತಾಲ್ಲೂಕಿನಲ್ಲೇ ಇದ್ದು, ಕೊಂಡ ದಿನದಿಂದಲೇ ರಿಯಾಯಿತಿ ಸಿಗುವುದಾಗಿದ್ದು, ರಿಯಾಯಿತಿ ಕಳೆದ ಮೇಲಿನ ದರ ಬೇರೆಡೆಗಿಂತ ನಿಜಕ್ಕೂ ಕಡಿಮೆಯಿದ್ದರೆ ಕೊಳ್ಳಬಹುದು. ಕಾರ್ಡಿನ ಅನುಕೂಲವೆಂದರೆ ಸಾಮಾನ್ಯವಾಗಿ ಅದಕ್ಕೆ ಕಾಯುವ ಅವಧಿ, ಅರ್ಜಿ, ಕ್ಲೇಮು ಇರುವುದಿಲ್ಲ.

ವಿಮೆಯ ಮಾತಿಗೆ ಬಂದರೆ, ದೊಡ್ಡ ಕಾಯಿಲೆಗೆಂದು ಹೇಗೂ ಕೊಳ್ಳುತ್ತಿರುವ ಪಾಲಿಸಿಯಲ್ಲಿ ಹಲ್ಲಿನ ಸೌಲಭ್ಯವೂ ಸೇರಿದ್ದರೆ ಸಂತೋಷ. ಆದರೆ ಹಲ್ಲಿಗಾಗಿ ಮಾತ್ರ ಪಾಲಿಸಿ ಆರಿಸಬೇಡಿ. ಹಲ್ಲಿನ ಕಾರ್ಡಿಗೆ ಹಣ ಕೊಟ್ಟೆವೆಂದು ಯಶಸ್ವಿನಿಯ ವಂತಿಗೆಯನ್ನು ಬಿಡುವುದಂತೂ ಕೂಡದು. ಹಿಂಡಿಯ ರಿಯಾಯಿತಿಗೆ ಆಸೆಪಟ್ಟು ರಾಸು ವಿಮೆ ಬಿಟ್ಟಂತಾಗುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದ ಎಂಟು ಪ್ರಶ್ನೆಗಳು

1. ಇದು ವಿಮೆಯೋ, ರಿಯಾಯಿತಿಯೋ? ವಿಮೆಯಾದರೆ ಯುಐಎನ್ ಎಲ್ಲಿದೆ, ತೋರಿಸಿ.
2. ಬಿಲ್ಲಿನ ಹಣವನ್ನು ಆಸ್ಪತ್ರೆಗೆ ಯಾರು ಕೊಡುತ್ತಾರೆ? ನೀವೋ, ನಾನೋ?
3. ನಮ್ಮ ತಾಲ್ಲೂಕಿನಲ್ಲಿ ಯಾವ ಆಸ್ಪತ್ರೆ ಇದೆ? (ಆ ಆಸ್ಪತ್ರೆಗೆ ನೀವೇ ಫೋನ್ ಮಾಡಿ, ಕಾರ್ಡು ನಡೆಯುತ್ತದೆಯೇ ಎಂದು ಕೇಳಿ.)
4. ತುಂಬಿಸುವುದು, ಕೀಳುವುದು, ರೂಟ್ ಕೆನಾಲ್, ಕ್ಯಾಪ್, ಕಟ್ಟಿಸುವ ಹಲ್ಲು, ಇವುಗಳಲ್ಲಿ ಯಾವುದಕ್ಕೆ ಅನ್ವಯ, ಯಾವುದಕ್ಕೆ ಇಲ್ಲ?
5. ರಿಯಾಯಿತಿ ಯಾವ ದರದ ಮೇಲೆ? ಬರೆದ ದರಪಟ್ಟಿ ಕೊಡಿ.
6. ಎಂದಿನಿಂದ ಅನ್ವಯ? ಮೊದಲೇ ಕೆಟ್ಟಿರುವ ಹಲ್ಲಿಗೆ ಸಿಗುತ್ತದೆಯೇ?
7. ವರ್ಷಕ್ಕೆ ಗರಿಷ್ಠ ಎಷ್ಟು? ಮನೆಯಲ್ಲಿ ಎಷ್ಟು ಜನಕ್ಕೆ?
8. ಮುಂದಿನ ವರ್ಷ ನನ್ನ ಖಾತೆಯಿಂದ ತಾನಾಗಿ ಹಣ ಕಡಿತವಾಗುತ್ತದೆಯೇ? ಬೇಡವಾದರೆ ಹಣ ಹಿಂದೆ ಬರುತ್ತದೆಯೇ?

ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ. 'ಇವತ್ತೇ ಕೊನೆಯ ದಿನ' ಎಂದರೆ ಅವತ್ತು ಕೊಳ್ಳಲೇಬೇಡಿ. ಯಾರಿಗೂ ಒಟಿಪಿ ಹೇಳಬೇಡಿ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಡೇರಿಯ ಅಂಗಳದಲ್ಲಿ ನಿಂತು ಮಾರಿದ ಮಾತ್ರಕ್ಕೆ ಅದು ಸಂಘದ ಯೋಜನೆಯಾಗುವುದಿಲ್ಲ. ಅನುಮಾನವಿದ್ದರೆ ಕಾರ್ಯದರ್ಶಿಯನ್ನೋ ಅಧ್ಯಕ್ಷೆಯನ್ನೋ ಕೇಳಿ.

ಈಗಾಗಲೇ ಕೊಂಡಿದ್ದರೆ

ವೈಯಕ್ತಿಕ ಆರೋಗ್ಯ ವಿಮೆಯಾದರೆ ಹೊಸ ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಸಣ್ಣ ಕಡಿತಗಳನ್ನು ಬಿಟ್ಟು ಹಣ ವಾಪಸ್ ಬರುತ್ತದೆ. ದೂರಿದ್ದರೆ ಮೊದಲು ಕಂಪನಿಗೆ ಬರೆದು ಕೊಡಿ. ನಂತರ ಐಆರ್‌ಡಿಎಐನ 155255 ಸಂಖ್ಯೆಗೆ ಕರೆ ಮಾಡಬಹುದು. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ರಿಯಾಯಿತಿ ಕಾರ್ಡಿಗೆ ಈ ದಾರಿಗಳಿಲ್ಲ. ಅಲ್ಲಿ ನೀವು ಗ್ರಾಹಕರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿನದಾದರೆ ಆಯೋಗದಲ್ಲಿ ಶುಲ್ಕವಿಲ್ಲ. ರಸೀದಿ, ಕಾರ್ಡು, ಮಾರುವಾಗ ಕೊಟ್ಟ ಕರಪತ್ರ ಎಲ್ಲವನ್ನೂ ಜೋಪಾನವಾಗಿಡಿ. ಕರೆ, ಸಂದೇಶ ಅಥವಾ ಒಟಿಪಿ ಮೂಲಕ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮದೇ ಹಲ್ಲಿನ ನಿಧಿ

ಕಾರ್ಡಿಗೆ ಕೊಡುವ ಹಣವನ್ನೇ ನಾವು ಕೂಡಿಟ್ಟರೆ? 15 ದಿನಕ್ಕೊಮ್ಮೆ ಬಟವಾಡೆಯಾಗುವ ಸಂಘದಲ್ಲಿ ವರ್ಷಕ್ಕೆ 24 ಬಟವಾಡೆ. ಪ್ರತಿ ಬಟವಾಡೆಯಲ್ಲಿ 100 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 2,400. ಹಲ್ಲು ಕೆಡದಿದ್ದರೆ ಆ ಹಣ ಮುಂದಿನ ವರ್ಷಕ್ಕೂ ನಮ್ಮದೇ. ಕಾರ್ಡಿನ ಹಣವಾದರೆ ವರ್ಷ ಮುಗಿದ ದಿನ ಮುಗಿಯಿತು. ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದಲ್ಲಿ ಇದನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. 20 ಜನ ತಿಂಗಳಿಗೆ 50 ರೂಪಾಯಿ ಹಾಕಿದರೆ ವರ್ಷಕ್ಕೆ 12,000 ಸೇರುತ್ತದೆ. ಒಬ್ಬರಿಗೆ ಒಮ್ಮೆಲೇ ದೊಡ್ಡ ಖರ್ಚು ಬಂದಾಗ ಅದರಿಂದ ಸಾಲ ಕೊಟ್ಟು, ಬಟವಾಡೆಯಲ್ಲಿ ತೀರಿಸಿಕೊಳ್ಳಬಹುದು. ಮೊದಲು ಹೇಳಿದ ಸಹೋದರಿಯ ಹಲ್ಲು ಹೋದದ್ದು ಕಾರ್ಡು ಇಲ್ಲದೆ ಅಲ್ಲ, ಬೇಕಾದ ದಿನ ಕೈಯಲ್ಲಿ ಹಣವಿಲ್ಲದೆ.

ಹಣ ಕಡಿಮೆಯಾಗುವ ಜಾಗಗಳೂ ಇವೆ. ಹೆಚ್ಚಿನ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಲ್ಲಿ ದಂತವೈದ್ಯರಿದ್ದಾರೆ. ಮೊದಲ ಭೇಟಿ ಅಲ್ಲಿಗೇ ಇರಲಿ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಬಳ್ಳಾರಿಯಲ್ಲಿಯೂ ಸರ್ಕಾರಿ ದಂತ ಕಾಲೇಜಿದೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಯಲ್ಲಿ ಕಲಿಯುವ ವೈದ್ಯರು ತಮ್ಮ ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಬಹಳ ಕಡಿಮೆ. ಹಲ್ಲೆಲ್ಲ ಉದುರಿದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ತಂದ ಯೋಜನೆ ದಂತಭಾಗ್ಯ. ಅತ್ತೆ ಮಾವನಿಗೆ ಬೇಕಿದ್ದರೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ.

ಸಂಘದಿಂದ ಹತ್ತಿರದ ದಂತ ಕಾಲೇಜಿಗೆ ಪತ್ರ ಬರೆದು ಶಿಬಿರ ಕೇಳಬಹುದು. ಕೇಳುವಾಗ ತಪಾಸಣೆ ಮಾತ್ರ ಸಾಲದು, ಹಲ್ಲು ತುಂಬಿಸುವ ಮತ್ತು ಕೀಳುವ ವ್ಯವಸ್ಥೆಯಿರುವ ವಾಹನವೂ ಬರಲಿ ಎಂದು ಬರೆಯಿರಿ. ಸಮಯವನ್ನು ಬೆಳಗಿನ ಹಾಲು ಹಾಕಿ ಮುಗಿದ ಮೇಲೆ ಇಡಿಸಿ.

ಕೆಚ್ಚಲು ಬಾವು ಕಲಿಸಿದ ಪಾಠ

ಹಾಲಿನಲ್ಲಿ ಗರಣೆ ಕಾಣುವ ಮೊದಲೇ ಕೆಚ್ಚಲು ಬಾವು ಒಳಗೆ ಶುರುವಾಗಿರುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ಪರೀಕ್ಷೆ ಮಾಡಿಸುತ್ತೇವೆ, ಕರೆದ ಮೇಲೆ ಮೊಲೆತೊಟ್ಟನ್ನು ಔಷಧಿಯಲ್ಲಿ ಅದ್ದುತ್ತೇವೆ. ಹಲ್ಲಿನದೂ ಅದೇ ರೀತಿ. ಹುಳುಕು ಮೇಲ್ಪದರದಲ್ಲಿದ್ದಾಗ ನೋವಿರುವುದಿಲ್ಲ. ಆಗ ತುಂಬಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯಬಹುದು. ನರ ಮುಟ್ಟಿದ ಮೇಲೆ ರೂಟ್ ಕೆನಾಲ್, ಕ್ಯಾಪ್ ಎಂದು ಸಾವಿರಗಳಲ್ಲಿ ಹೋಗುತ್ತದೆ. ಅದನ್ನೂ ಬಿಟ್ಟರೆ ಕೀಳಿಸಬೇಕು, ಆಮೇಲೆ ಹಲ್ಲು ಕಟ್ಟಿಸುವ ಖರ್ಚು ಬೇರೆ. ಬೇಗ ಹೋಗುವುದಕ್ಕಿಂತ ದೊಡ್ಡ ರಿಯಾಯಿತಿ ಯಾವ ಕಾರ್ಡಿನಲ್ಲೂ ಇಲ್ಲ.

ದಿನಕ್ಕೆ ಎರಡು ಬಾರಿ, ಅದರಲ್ಲೂ ರಾತ್ರಿ ಮಲಗುವ ಮುನ್ನ ತಪ್ಪದೆ, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು, ನುಂಗದಂತೆ ನೋಡಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಮುಂತಾದ ಕಡೆ ಆಳದ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದ್ದು ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ಅಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಹಲ್ಲುನೋವಿಗೆ ಔಷಧಿಯಲ್ಲ. ನೋವು ಮರೆಸಿ ವಸಡನ್ನು ತಿನ್ನುತ್ತವೆ, ಬಾಯಿ ಕ್ಯಾನ್ಸರ್ ತರುತ್ತವೆ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಕೂಡಲೇ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇಗ ಹೆಚ್ಚುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಯೂ ತಪ್ಪುತ್ತದೆ. ಬಸುರಿಯರು ಹಲ್ಲುನೋವನ್ನು ಹೆರಿಗೆಯವರೆಗೆ ತಡೆದುಕೊಳ್ಳಬೇಕಿಲ್ಲ. ಬಸುರಿ ಎಂದು ವೈದ್ಯರಿಗೆ ಹೇಳಿ ಚಿಕಿತ್ಸೆ ಪಡೆಯಬಹುದು.

ಹಲ್ಲುನೋವಿನ ಜೊತೆ ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ತುರ್ತು ಸ್ಥಿತಿ. ಆಗ ಯಾವ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ಹುಡುಕುತ್ತಾ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ. ಕೀವು ಗಂಟಲಿನ ಕಡೆ ಇಳಿದರೆ ಜೀವಕ್ಕೇ ಅಪಾಯ.

ಸಭೆಯಲ್ಲಿ ಮಾಡಬೇಕಾದ ಅಭ್ಯಾಸ

1. ಒಂದು ಕಾರ್ಡಿನ ಬೆಲೆ 900 ರೂಪಾಯಿ, ರಿಯಾಯಿತಿ ಶೇ. 15. ವರ್ಷಕ್ಕೆ ಎಷ್ಟು ಬಿಲ್ಲಾದರೆ ಹಾಕಿದ ಹಣ ಮರಳುತ್ತದೆ?
2. ಹತ್ತಿರದ ಕ್ಲಿನಿಕ್‌ನಲ್ಲಿ ಕ್ಯಾಪ್‌ಗೆ 3,000. ಕಾರ್ಡಿನ ಆಸ್ಪತ್ರೆಯಲ್ಲಿ 4,000ಕ್ಕೆ ಶೇ. 25 ರಿಯಾಯಿತಿ. ಯಾವುದು ಲಾಭ?
3. ನಿಮ್ಮ ಮನೆಯಲ್ಲಿ ಕಳೆದ ಎರಡು ವರ್ಷ ಹಲ್ಲಿಗೆ ಆದ ಖರ್ಚು ಎಷ್ಟು? ಅದರಲ್ಲಿ ನಿಮಗಾಗಿ ಆದದ್ದು ಎಷ್ಟು?

ಮೊದಲನೆಯದಕ್ಕೆ ಉತ್ತರ 6,000 ರೂಪಾಯಿ. ಎರಡನೆಯದರಲ್ಲಿ ಎರಡು ಕಡೆಯೂ 3,000ವೇ, ಕಾರ್ಡಿನ ಬೆಲೆ ಮತ್ತು ದಾರಿಖರ್ಚು ಪೂರ್ತಿ ನಷ್ಟ. ಮೂರನೆಯದಕ್ಕೆ ಉತ್ತರ ನಿಮ್ಮ ಬಳಿಯೇ ಇದೆ. ಹಲವರ ಉತ್ತರ ಸೊನ್ನೆ ಎಂದು ಬಂದರೆ, ಹಲ್ಲು ಗಟ್ಟಿಯಿದೆ ಎಂದು ಖುಷಿಪಡುವ ಮೊದಲು ಒಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿ. ಮುಂದಿನ ಬಟವಾಡೆಯ ಮೊದಲ 100 ರೂಪಾಯಿಯನ್ನು ಎತ್ತಿಟ್ಟು, ಆ ವಾರವೇ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ. ಹಸುವಿಗೆ ಅರ್ಧ ಗಂಟೆಯಲ್ಲಿ ಡಾಕ್ಟರನ್ನು ಕರೆಸುವ ಕೈಗೆ, ತನಗಾಗಿ ಅರ್ಧ ದಿನ ತೆಗೆದಿಡುವ ಹಕ್ಕೂ ಇದೆ.